ಚಿತ್ರ ಬರೆದವನ ಹಕ್ಕು, ಬರೆಸಿದವನ ಹೊಣೆ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಿಂದ ಶಿಕಾರಿಪುರದವರೆಗೆ ಯಾವ ಅಂಗಡಿಯನ್ನು ಹೊಕ್ಕರೂ ಚಿತ್ರವಿಲ್ಲದ ಸರಕು ಕಾಣುವುದು ಅಪರೂಪ. ಅಕ್ಕಿ ಚೀಲದ ಮೇಲೊಂದು ನವಿಲು, ಊದುಬತ್ತಿ ಪೊಟ್ಟಣದ ಮೇಲೊಂದು ದೇವರ ಚಿತ್ರ, ಉಪ್ಪಿನಕಾಯಿ ಬಾಟಲಿಯ ಮೇಲೆ ನಗುವ ಅಜ್ಜಿ, ಗೋಡೆಗೆ ಹೊಸ ವರ್ಷದ ಕ್ಯಾಲೆಂಡರ್. ಗಿರಾಕಿಯು ಹೆಸರನ್ನು ಓದುವುದಕ್ಕೆ ಮುನ್ನ ಚಿತ್ರವನ್ನು ಗುರುತಿಸುತ್ತಾನೆ. ಆದರೆ ಆ ಚಿತ್ರ ಯಾರ ಸ್ವತ್ತು ಎಂಬ ಪ್ರಶ್ನೆಗೆ ಖಚಿತವಾಗಿ ಉತ್ತರಿಸಬಲ್ಲ ವರ್ತಕರು ವಿರಳ. ಸಭೆಯ ಸೇವೆಯಲ್ಲಿ ತೊಡಗಿದ್ದ ಅಮೆರಿಕದ ಒಬ್ಬ ಯುವ ಕ್ರೈಸ್ತ ವ್ಯಂಗ್ಯಚಿತ್ರಕಾರನ ಬದುಕು ಈ ಪ್ರಶ್ನೆಯ ಬೆಲೆ ಎಷ್ಟೆಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಕ್ಷೌರಿಕನ ಮಗ

ಚಾರ್ಲ್ಸ್ ಷುಲ್ಜ್ 1922ರ ನವೆಂಬರ್ 26ರಂದು ಮಿನಿಯಾಪೊಲಿಸ್ ನಗರದಲ್ಲಿ ಜನಿಸಿದರು. ನೆರೆಯ ಸೇಂಟ್ ಪಾಲ್ ನಗರದಲ್ಲಿ ತಂದೆಗೆ ಕ್ಷೌರದಂಗಡಿಯಿತ್ತು. ಮಗನ ಅಂಚೆ ಶಿಕ್ಷಣದ ಚಿತ್ರಕಲಾ ತರಗತಿಯ ಶುಲ್ಕವನ್ನು ತಂದೆ ಕಂತುಗಳಲ್ಲಿ, ಕಷ್ಟಪಟ್ಟು ತುಂಬಿದರು. 1943ರಲ್ಲಿ ಸೇನೆಗೆ ಕರೆ ಬಂದ ಸಮಯದಲ್ಲೇ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಯುದ್ಧ ಮುಗಿಸಿ ಮರಳಿದ ಏಕಮಾತ್ರ ಪುತ್ರನಿಗೆ ನೆಮ್ಮದಿ ದೊರೆತದ್ದು ಚರ್ಚ್ ಆಫ್ ಗಾಡ್ ಎಂಬ ಚಿಕ್ಕ ಸಭೆಯ ಯುವಕರ ಬಳಗದಲ್ಲಿ. ಬೈಬಲ್ ಅಧ್ಯಯನ ಮತ್ತು ಸಭೆಯ ಕಾರ್ಯಗಳು ಅವರ ದಿನಚರಿಯ ಭಾಗವಾದವು.

ಹೊಟ್ಟೆಪಾಡಿಗೆ ದೊರೆತ ಮೊದಲ ಕೆಲಸವೂ ಧಾರ್ಮಿಕ ಪ್ರಕಟಣೆಯದೇ. 'ಟೈಮ್‌ಲೆಸ್ ಟಾಪಿಕ್ಸ್' ಎಂಬ ಕ್ಯಾಥೊಲಿಕ್ ಚಿತ್ರಕಥಾ ಪತ್ರಿಕೆಯಲ್ಲಿ ಬೇರೆ ಕಲಾವಿದರು ಬರೆದ ಚಿತ್ರಗಳಿಗೆ ಮಾತುಗಳನ್ನು ಕೈಯಿಂದ ಬರೆದು ತುಂಬುವ ಕೆಲಸವದು. ತಾವು ಹಿಂದೆ ಕಲಿತಿದ್ದ ಅಂಚೆ ಶಿಕ್ಷಣ ಸಂಸ್ಥೆಯಲ್ಲೇ ಹಗಲು ಬೋಧಕ, ರಾತ್ರಿ ಅಕ್ಷರಗಾರ. ಇಂಗ್ಲಿಷ್ ಮಾತ್ರವಲ್ಲದೆ ಫ್ರೆಂಚ್, ಸ್ಪ್ಯಾನಿಷ್ ಆವೃತ್ತಿಗಳ ಅಕ್ಷರಗಳನ್ನೂ ಅವರು ಬರೆದುಕೊಟ್ಟರು. ಹೇಳಿದ ವೇಳೆಗೆ ಕೆಲಸ ಮುಗಿಸಿ ಒಪ್ಪಿಸುವ ಶಿಸ್ತು ಅಲ್ಲಿ ಮೈಗೂಡಿತು. ಮುಂದೆ ಸುಮಾರು ಐವತ್ತು ವರ್ಷ ಚಿತ್ರ ಬರೆಯಲು ಅವರು ಸಹಾಯಕರನ್ನು ಇಟ್ಟುಕೊಳ್ಳಲಿಲ್ಲ. ರೇಖೆ, ಅಕ್ಷರ ಎರಡೂ ಸ್ವಂತ ಕೈಯಿಂದಲೇ ಮೂಡಿದವು.

ಒಂದು ಸಹಿಯ ಬೆಲೆ

1947ರಿಂದ ಊರಿನ ಪತ್ರಿಕೆಯೊಂದರಲ್ಲಿ 'ಲಿಲ್ ಫೋಕ್ಸ್' ಎಂಬ ಹೆಸರಿನಲ್ಲಿ ಮಕ್ಕಳ ಕುರಿತಾದ ಅವರ ವ್ಯಂಗ್ಯಚಿತ್ರಗಳು ವಾರಕ್ಕೊಮ್ಮೆ ಬರುತ್ತಿದ್ದವು. ಹೆಚ್ಚಿನ ಸಂಭಾವನೆಯ ಕೋರಿಕೆ ಫಲಿಸದೆ 1950ರ ಆರಂಭದಲ್ಲಿ ಅದು ನಿಂತಿತು. ಅದೇ ವರ್ಷ, ಪತ್ರಿಕೆಗಳಿಗೆ ಚಿತ್ರ ಮತ್ತು ಲೇಖನಗಳನ್ನು ಸರಬರಾಜು ಮಾಡುವ ನ್ಯೂಯಾರ್ಕ್‌ನ ಯುನೈಟೆಡ್ ಫೀಚರ್ ಸಿಂಡಿಕೇಟ್ ಅವರ ಕೃತಿಯನ್ನು ಒಪ್ಪಿಕೊಂಡಿತು. 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಮಾಲೆ ಆರಂಭವಾಯಿತು. ಹೆಸರು ಮಾತ್ರ ಷುಲ್ಜ್ ಇಟ್ಟದ್ದಲ್ಲ. ಹಳೆಯ ಹೆಸರು ಬೇರೆ ಮಾಲೆಗಳ ಹೆಸರನ್ನು ಹೋಲುತ್ತದೆಂದು ಸಿಂಡಿಕೇಟ್ 'ಪೀನಟ್ಸ್' ಎಂದು ಹೆಸರಿಟ್ಟಿತು. ಷುಲ್ಜ್ ಅವರಿಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. ಹೆಸರಿನ ಜೊತೆಗೆ ಕೃತಿಸ್ವಾಮ್ಯವೂ ಸಿಂಡಿಕೇಟಿನ ಪಾಲಾಯಿತು.

ಇದನ್ನು ಮೋಸವೆನ್ನಲಾಗದು. ಅಂದಿನ ವ್ಯಾಪಾರದ ರೂಢಿಯೇ ಹಾಗಿತ್ತು. ಹೆಸರಿಲ್ಲದ ಯುವಕನ ಮಾಲನ್ನು ದೇಶದ ಪತ್ರಿಕೆಗಳಿಗೆ ತಲುಪಿಸುವ ಹೊಣೆಯನ್ನು ಸಿಂಡಿಕೇಟ್ ಹೊತ್ತಿತ್ತು, ಆದಾಯದಲ್ಲಿ ಪಾಲನ್ನೂ ಕೊಡುತ್ತಿತ್ತು. ಆದರೆ ಚಾರ್ಲಿ ಬ್ರೌನ್ ಮತ್ತು ಸ್ನೂಪಿ ಎಂಬ ನಾಯಿ ಬೊಂಬೆ, ಬಟ್ಟೆ, ಶುಭಾಶಯ ಪತ್ರಗಳ ಮೇಲೇರಿ ಲೋಕವನ್ನು ಸುತ್ತಿದಾಗ ಆ ಒಂದು ಸಹಿಯ ಬೆಲೆ ಎಲ್ಲರಿಗೂ ಅರಿವಾಯಿತು. ಕೀರ್ತಿ ಬಂದ ಮೇಲೆ ಮರುಮಾತುಕತೆ ನಡೆಸಿ ಷುಲ್ಜ್ ಹೆಚ್ಚಿನ ಅಧಿಕಾರ ಪಡೆದರು. ಒಡೆತನದಲ್ಲಿ ಅವರ ಕುಟುಂಬಕ್ಕೆ ಪಾಲು ದೊರೆತದ್ದು 2010ರಲ್ಲಿ. ಆ ವರ್ಷ 17.5 ಕೋಟಿ ಡಾಲರಿಗೆ ಪೀನಟ್ಸ್ ಕೈಬದಲಾದಾಗ ಕುಟುಂಬ ಶೇಕಡ 20ರಷ್ಟನ್ನು ಪಡೆಯಿತು. ಮೊದಲ ಒಪ್ಪಂದಕ್ಕೆ ಆಗ ಅರುವತ್ತು ವರ್ಷ ತುಂಬಿತ್ತು. ಷುಲ್ಜ್ ತೀರಿ ಹತ್ತು ವರ್ಷಗಳಾಗಿದ್ದವು.

ಬಿಡದ ಸೇವೆ

ವ್ಯಾಪಾರ ಇಷ್ಟು ಬೆಳೆದರೂ ಅವರು ಸಭೆಯ ಕೆಲಸವನ್ನು ಬಿಡಲಿಲ್ಲ. 1955ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರರ ಅತ್ಯುನ್ನತ ಗೌರವವಾದ ರೂಬೆನ್ ಪ್ರಶಸ್ತಿ ಪಡೆದವರು, ಮರುವರ್ಷವೇ ತಮ್ಮ ಸಭೆಯ 'ಯೂತ್' ಪತ್ರಿಕೆಗೆ 'ಯಂಗ್ ಪಿಲ್ಲರ್ಸ್' ಎಂಬ ಮಾಲೆಯನ್ನು ಆರಂಭಿಸಿ 1965ರವರೆಗೆ ನಡೆಸಿದರು. ಸಭೆಯ ಯುವಕರ ಆಲಸ್ಯ, ಆಡಂಬರ, ಅರೆಬರೆ ಭಕ್ತಿಗಳನ್ನು ನೋಯಿಸದೆ ನಗಿಸುವ ಚಿತ್ರಗಳವು.

1965ರ ಡಿಸೆಂಬರಿನಲ್ಲಿ ಕೋಕಾ ಕೋಲಾ ಕಂಪನಿಯ ಪ್ರಾಯೋಜಕತ್ವದಲ್ಲಿ ಚಾರ್ಲಿ ಬ್ರೌನ್‌ನ ಕ್ರಿಸ್ಮಸ್ ಚಿತ್ರ ದೂರದರ್ಶನದಲ್ಲಿ ಪ್ರಸಾರವಾಯಿತು. ಹಬ್ಬವು ವ್ಯಾಪಾರದಲ್ಲಿ ಮುಳುಗಿಹೋಗಿದೆ ಎಂಬುದೇ ಅದರ ಕಥಾವಸ್ತು. ಅದರೊಳಗೆ ಬೈಬಲ್ ವಾಚನ ಬೇಡವೆಂಬ ಅಳುಕು ಜೊತೆಗಾರರಲ್ಲಿತ್ತು. ಷುಲ್ಜ್ ಪಟ್ಟು ಸಡಿಲಿಸಲಿಲ್ಲ. ವಾಚನ ಉಳಿಯಿತು, ಜನರೂ ಮೆಚ್ಚಿದರು. 2000ದ ಫೆಬ್ರುವರಿ 12ರಂದು ಅವರು ನಿಧನರಾದಾಗ 17,897 ಪಟ್ಟಿಗಳು ಹಿಂದುಳಿದಿದ್ದವು. ತಮ್ಮ ನಂತರ ಮತ್ತೊಬ್ಬರು ಹೊಸ ಪಟ್ಟಿ ಬರೆಯಬಾರದೆಂಬ ಅವರ ಇಚ್ಛೆಯನ್ನು ಗೌರವಿಸಲಾಯಿತು.

ನೆರೆಯ ಕೇರಳದ ನಿದರ್ಶನ

ಇಂಥ ತಕರಾರು ದೂರದೇಶಕ್ಕೆ ಸೀಮಿತವಲ್ಲ. 'ಬೋಬನುಂ ಮೋಳಿಯುಂ' ಎಂಬ ಜೋಡಿ ಮಕ್ಕಳ ಚಿತ್ರಮಾಲೆಯಿಂದ ಮನೆಮಾತಾದ ಟಾಮ್ಸ್, ಅರ್ಥಾತ್ ವಿ. ಟಿ. ಥಾಮಸ್, ಕೇರಳದ ಕ್ರೈಸ್ತ ವ್ಯಂಗ್ಯಚಿತ್ರಕಾರರು. ಮಲಯಾಳ ಮನೋರಮಾ ಸಂಸ್ಥೆಯ ಉದ್ಯೋಗದಲ್ಲಿದ್ದ ಅವರು 1987ರಲ್ಲಿ ಹೊರಬಂದು ಅದೇ ಪಾತ್ರಗಳನ್ನು ಬೇರೆಡೆ ಬರೆಯತೊಡಗಿದಾಗ ವ್ಯಾಜ್ಯ ಕೇರಳ ಹೈಕೋರ್ಟಿನವರೆಗೆ ಹೋಯಿತು. ಪಾತ್ರಗಳು ಉದ್ಯೋಗಕ್ಕೆ ಸೇರುವ ಮೊದಲೇ ಅವರ ಸೃಷ್ಟಿಯಾಗಿದ್ದವು. ಕೆಲಸ ಬಿಟ್ಟ ಮೇಲೆ ಅವುಗಳನ್ನು ಬರೆಯದಂತೆ ತಡೆಯಲಾಗದು ಎಂಬುದು ನ್ಯಾಯಾಲಯದ ನಿಲುವು.

ನಮ್ಮ ವರ್ತಕರು ಅರಿಯಬೇಕಾದದ್ದು

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಹಣ ಕೊಟ್ಟು ಮಾಡಿಸಿದ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರಗಳು ಸಾಮಾನ್ಯವಾಗಿ ಮಾಡಿಸಿದವನವು. ಆದರೆ ಹೊರಗಿನ ಕಲಾವಿದನಿಂದ ಬರೆಸಿದ ಎಲ್ಲ ಬಗೆಯ ಲಾಂಛನ, ಲೇಬಲ್‌ಗಳಿಗೂ ಈ ಮಾತು ತಾನಾಗಿಯೇ ಅನ್ವಯಿಸುತ್ತದೆಂದು ನಂಬಿ ಕೂರುವುದು ಜಾಣತನವಲ್ಲ. ಬಿಲ್ಲು ಪಾವತಿಯಾಯಿತೆಂದ ಮಾತ್ರಕ್ಕೆ ಹಕ್ಕು ಕೈಸೇರಿತೆಂದಲ್ಲ.

ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಹಕ್ಕು ಕೊಡುವವನ ಸಹಿಯಿರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಹಣ, ಎಷ್ಟು ಕಾಲ, ಯಾವ ಪ್ರದೇಶ ಎಂಬುದನ್ನು ನಮೂದಿಸಬೇಕು. ಅವಧಿಯನ್ನು ಬರೆಯದಿದ್ದರೆ ಕಾಯಿದೆ ಅದನ್ನು ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸುತ್ತದೆ. ಅಂದರೆ ಅವಧಿಯಿಲ್ಲದ ಕರಾರಿನ ಮೇಲೆ ಕಟ್ಟಿದ ಬ್ರಾಂಡು ಆರನೆಯ ವರ್ಷಕ್ಕೆ ತಕರಾರಿಗೆ ಈಡಾಗಬಹುದು. ಸರಕಿನ ಮೇಲೆ ಬಳಸುವ ಚಿತ್ರದ ಕೃತಿಸ್ವಾಮ್ಯವನ್ನು ನೋಂದಾಯಿಸುವಾಗ ಟ್ರೇಡ್‌ಮಾರ್ಕ್ ಕಚೇರಿಯ ಪ್ರಮಾಣಪತ್ರವೂ ಬೇಕಾಗುತ್ತದೆ.

ಸೊರಬ, ಸಾಗರಗಳ ಗುಡಿಗಾರರ ಕೆತ್ತನೆ ನಾಡಿಗೇ ಹೆಸರು ತಂದಿದೆ. ಕೈಕಸುಬಿನ ಬೆಲೆ ಬಲ್ಲ ಈ ಸೀಮೆಯಲ್ಲಿ ಚಿತ್ರಕಾರನೊಡನೆ ಒಂದು ಪುಟದ ಕರಾರು ಬರೆದುಕೊಳ್ಳುವುದು ಅಪನಂಬಿಕೆಯ ಗುರುತಾಗಬೇಕಿಲ್ಲ. ಅದು ಕಲಾವಿದನ ಮಕ್ಕಳಿಗೂ ವರ್ತಕನ ಮಕ್ಕಳಿಗೂ ಮುಂದಿನ ಜಗಳವನ್ನು ತಪ್ಪಿಸುತ್ತದೆ. ಬರುವ ವರ್ಷದ ಕ್ಯಾಲೆಂಡರಿಗೆ, ಹೊಸ ಲೇಬಲ್ಲಿಗೆ ಮುಂಗಡ ಕೊಡುವ ದಿನವೇ ಆ ಪುಟಕ್ಕೆ ಸಹಿ ಬೀಳಲಿ.