ಸುಂಕದವನ ಮುಂದೆ ಸಿನಿಮಾ!

ತುಮಕೂರು ಬಸ್ ಸ್ಟ್ಯಾಂಡು. ಗುಬ್ಬಿ ವೀರಣ್ಣನವರ ಊರಿನ ಹುಡುಗನೊಬ್ಬ ಕುಣಿಗಲ್ಲಿನ ಗೆಳೆಯನನ್ನು ಕೇಳಿದ: "ಏನ್ಲಾ, ಅಮೆರಿಕಾದಲ್ಲಿ ನಮ್ ಪಿಚ್ಚರ್‌ಗೂ ಸುಂಕ ಹಾಕ್ತಾರಂತೆ! ಆ ದುಡ್ಡು ಯಾರ್ ಕಟ್ಟೋದು?"

ಲಾಖ್ ರೂಪಾಯಿ ಪ್ರಶ್ನೆ! 2025ರ ಮೇ 4ರಂದು ಅಧ್ಯಕ್ಷ ಟ್ರಂಪ್ ಹೊರದೇಶದಲ್ಲಿ ತಯಾರಾದ ಚಿತ್ರಗಳಿಗೆ ನೂರಕ್ಕೆ ನೂರು ಸುಂಕ ಎಂದು ಘೋಷಿಸಿದರು. ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಡೈಲಾಗ್! ರೀಲು ಡಬ್ಬಿ ಹಡಗಿನಲ್ಲಿ ಹೋಗುವ ಕಾಲ ಮುಗಿದಿರುವಾಗ ವಸೂಲಿ ಹೇಗೆ? ಅದನ್ನು ಮಾತ್ರ ಹೇಳಲಿಲ್ಲ.

ಸುಂಕದ ಕಥೆಯಲ್ಲೊಂದು ತಿರುವಿದೆ. ಬೈಗುಳ ಪರದೇಶಕ್ಕೆ, ದುಡ್ಡು ಕಟ್ಟುವವನು ಮಾಲು ತರಿಸಿಕೊಂಡ ಸ್ವದೇಶದ ವ್ಯಾಪಾರಿ. ಅವನು ಅದನ್ನು ಗಿರಾಕಿಯ ತಲೆಗೆ ಕಟ್ಟುತ್ತಾನೆ. ಬೆಲೆ ಏರಿ ಮಾರಾಟ ಬಿದ್ದರೆ ಆಗ ಪರದೇಶದವನಿಗೂ ಪೆಟ್ಟು.

ಇಂಥ ಫೈಟಿಂಗ್ ಹಿಂದೆಯೂ ನಡೆದಿದೆ. 1947ರ ಆಗಸ್ಟ್‌ನಲ್ಲಿ ಡಾಲರ್ ಇಲ್ಲದೆ ಒದ್ದಾಡುತ್ತಿದ್ದ ಬ್ರಿಟನ್ ವಿದೇಶಿ ಚಿತ್ರಗಳಿಗೆ ಶೇಕಡಾ 75 ಸುಂಕ ಜಡಿಯಿತು. ಹಾಲಿವುಡ್ ಸುಮ್ಮನಿದ್ದೀತೇ? ಹೊಸ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು! ಬ್ರಿಟಿಷ್ ಪ್ರೇಕ್ಷಕನಿಗೆ ಹಳೇ ಚಿತ್ರಗಳೇ ಗತಿ. 1948ರ ಮಾರ್ಚ್‌ನಲ್ಲಿ ರಾಜಿಯಾಯಿತು.

ನಮ್ಮ ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2018ರಲ್ಲಿ ಅಮೆರಿಕಾ ಉಕ್ಕಿಗೆ ಶೇ. 25, ಅಲ್ಯೂಮಿನಿಯಂಗೆ ಶೇ. 10 ಸುಂಕ ಹಾಕಿತು. 2019ರ ಜೂನ್‌ನಲ್ಲಿ ಭಾರತ ಅವರ 28 ಸರಕುಗಳಿಗೆ ತಿರುಗೇಟು ಕೊಟ್ಟಿತು. ಸೇಬಿನ ಸುಂಕ ಶೇ. 50ರಿಂದ 70ಕ್ಕೆ! ಉಕ್ಕಿಗೆ ಉತ್ತರ ಸೇಬಿನಿಂದ ಯಾಕೆ? ಅಲ್ಲಿನ ಬೆಳೆಗಾರ ತನ್ನ ಸರ್ಕಾರದ ಮುಂದೆ ಗೋಳಾಡಲಿ ಅಂತ. ವಾಷಿಂಗ್ಟನ್ ಸೇಬಿನ ಆಮದು ಕುಸಿಯಿತು. 2023ರಲ್ಲಿ ರಾಜಿಯಾಗಿ ಆ ಹೆಚ್ಚುವರಿ ಸುಂಕ ಇಳಿಯಿತು.

ಹಾಗಾದರೆ ಸುಂಕ ಬರೀ ವಿಲನ್ನೇ? ಗುಬ್ಬಿಯ ಅಡಿಕೆ ತೋಟದವರನ್ನು ಕೇಳಿ! ಅಗ್ಗದ ವಿದೇಶಿ ಅಡಿಕೆ ನುಗ್ಗಿದರೆ ಅವರ ಬೆಲೆ ನೆಲಕಚ್ಚುತ್ತದೆ. ಸುಂಕವೊಂದೇ ಸಾಲದೆಂದು 2023ರ ಫೆಬ್ರವರಿಯಲ್ಲಿ ಕೇಂದ್ರವು ಕಿಲೋಗೆ 351 ರೂಪಾಯಿಗಿಂತ ಅಗ್ಗದ ಅಡಿಕೆ ಆಮದಿಗೇ ತಡೆ ಹಾಕಿತು. ಬೇಲಿ ಹಾಕುವುದು ತಪ್ಪಲ್ಲ. ಅದರ ಖರ್ಚು ಯಾರ ಜೇಬಿನಿಂದ ಅನ್ನುವುದು ಗೊತ್ತಿರಬೇಕು.

ಈಗ ಗುಬ್ಬಿಯ ಹುಡುಗನಿಗೆ ಉತ್ತರ: ಆ ಸುಂಕ ಬಂದರೆ ಮೊದಲು ಬೀಳುವುದು ಅಲ್ಲಿ ಚಿತ್ರ ತರಿಸುವ ಹಂಚಿಕೆದಾರನ ಮೇಲೆ. ಆಮೇಲೆ ದೂರದೂರಿನಲ್ಲಿ ಕನ್ನಡ ಕೇಳುವ ಆಸೆಗೆ ಟಿಕೆಟ್ ಕೊಳ್ಳುವ ನಮ್ಮವನ ಮೇಲೆ. ಅವನು ಮನೆಯಲ್ಲೇ ಕೂತರೆ? ಗಾಂಧಿನಗರದ ನಿರ್ಮಾಪಕನ ಗಲ್ಲಾಪೆಟ್ಟಿಗೆಗೂ ತೂತು!

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಅಂತಾರೆ. ಆದರೆ ರಸೀದಿ ಯಾರ ಹೆಸರಿಗೆ ಅಂತ ಕೇಳಬಹುದಲ್ಲ!