ಮಣ್ಣು ಪರೀಕ್ಷೆಯ ದಾಖಲೆಯೂ ಅದರ ನಮೂನೆಯೂ

2015ನೆಯ ಇಸವಿಯಲ್ಲಿ ಭಾರತ ಸರಕಾರದವರು ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿದರು. ಈ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು ಮೊದಲಾದ 12 ಅಂಶಗಳಿಗೆ ಪ್ರತ್ಯೇಕ ಅಂಕಣಗಳುಂಟು. ಇಂತಹ ಅಂಕಣಗಳನ್ನು ಗಣಕಯಂತ್ರದಲ್ಲಿ ಒಮ್ಮೆ ಖಾಲಿ ನಮೂನೆಯಾಗಿ ಸಿದ್ಧಪಡಿಸಿಟ್ಟರೆ, ಪ್ರತಿ ಹೊಲದ ದಾಖಲೆಯನ್ನೂ ಅದರಿಂದಲೇ ತೆಗೆಯಬಹುದು. ಬರೆಯುವ ಶ್ರಮವು ತಗ್ಗುವುದು, ಯಾವ ವಿವರವೂ ಬಿಟ್ಟುಹೋಗದು.

ಆದರೆ ಖಾಲಿ ನಮೂನೆಯೇ ಬೇರೆ, ತುಂಬಿದ ದಾಖಲೆಯೇ ಬೇರೆ. ನೆರೆಯ ಹೊಲದ ದಾಖಲೆಯನ್ನು ನಕಲು ಮಾಡಿ ಹೆಸರನ್ನು ಮಾತ್ರ ತಿದ್ದಿದರೆ, ಅಲ್ಲಿಯ ಸರ್ವೆ ನಂಬರು, ಬೆಳೆ, ನೀರಾವರಿಯ ವಿವರಗಳು ಹಾಗೆಯೇ ಉಳಿದುಬಿಡುವುವು. ಆಗ ಖುಷ್ಕಿ ರಾಗಿಯ ಹೊಲಕ್ಕೆ ತರಿ ಭತ್ತದ ಗೊಬ್ಬರದ ಪ್ರಮಾಣವು ಲೆಕ್ಕಕ್ಕೆ ಬರುವುದು. ಹಣವೂ ವ್ಯರ್ಥ, ಬೆಳೆಗೂ ಹಾನಿ.

ಹಿಂದಿನ ಬೆಳೆ, ಹಾಕಿದ ಕೊಟ್ಟಿಗೆ ಗೊಬ್ಬರ ಮುಂತಾದ ಸ್ಥಳೀಯ ವಿವರಗಳು ಬೇಕಾದಲ್ಲಿ ಹೊಸ ಅಂಕಣವನ್ನು ಸೇರಿಸಿಕೊಳ್ಳಬಹುದು. ಮೂಲ ಅಂಕಣಗಳನ್ನು ಮಾತ್ರ ಅಳಿಸಕೂಡದು, ಏಕೆಂದರೆ ಗೊಬ್ಬರದ ಲೆಕ್ಕವು ಅವುಗಳನ್ನೇ ಆಧರಿಸಿರುವುದು.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಮಣ್ಣನ್ನು ಕಳುಹಿಸುವಾಗ ಸರ್ವೆ ನಂಬರು, ಬೆಳೆ, ನೀರಾವರಿ ಈ ಮೂರನ್ನೂ ಸ್ಪಷ್ಟವಾಗಿ ಬರೆಯಿಸತಕ್ಕದ್ದು. ಚೀಟಿಯು ಕೈಸೇರಿದ ಮೇಲೆ ಇವನ್ನು ಸರಿನೋಡಿಕೊಂಡೇ ಗೊಬ್ಬರವನ್ನು ಕೊಳ್ಳುವುದು ಕ್ಷೇಮಕರ.