ಕಿಂಗ್‌ಫಿಷರ್ ಸೈಕಲ್ ಪಥ

ಕಿಂಗ್‌ಫಿಷರ್ ಸೈಕಲ್ ಪಥವು ಐರ್ಲೆಂಡ್ ದ್ವೀಪದ ವಾಯವ್ಯ ಭಾಗದ ಸರೋವರ ಪ್ರದೇಶದಲ್ಲಿರುವ ಒಂದು ದೀರ್ಘ ಸೈಕಲ್ ಮಾರ್ಗ. ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿ ಇದರ ಕೇಂದ್ರ. ಐರ್ಲೆಂಡ್ ಗಣರಾಜ್ಯಕ್ಕೆ ಸೇರಿದ ಲೀಟ್ರಿಮ್, ಕ್ಯಾವನ್, ಡೊನೆಗಾಲ್ ಮತ್ತು ಮೊನಹನ್ ಕೌಂಟಿಗಳನ್ನೂ ಇದು ಹಾದುಹೋಗುತ್ತದೆ. ಐರ್ಲೆಂಡಿನಲ್ಲಿ ರೂಪುಗೊಂಡ ಮೊದಲ ದೂರಪ್ರಯಾಣದ ಸೈಕಲ್ ಪಥವೆಂದು ಇದನ್ನು ಪರಿಗಣಿಸಲಾಗುತ್ತದೆ. ಸೈಕಲ್‌ಗಳಿಗೆಂದೇ ಹೊಸದಾಗಿ ನಿರ್ಮಿಸಿದ ಹಾದಿ ಇದಲ್ಲ. ಮೊದಲೇ ಇದ್ದ ಕಿರಿದಾದ ಹಳ್ಳಿ ರಸ್ತೆಗಳನ್ನು ಆಯ್ದು, ಫಲಕಗಳ ಮೂಲಕ ಒಂದಕ್ಕೊಂದು ಜೋಡಿಸಿ 1990ರ ದಶಕದ ಕೊನೆಯಲ್ಲಿ ಈ ಪಥವನ್ನು ರೂಪಿಸಲಾಯಿತು. ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲದಲ್ಲಿ ಇದರ ಸಂಖ್ಯೆ 91. ಒಟ್ಟು ಉದ್ದ 350 ಕಿಲೋಮೀಟರ್‌ಗೂ ಹೆಚ್ಚು.

ಈ ನಾಡಿನ ನೀರಿನಂಚುಗಳಲ್ಲಿ ಕಾಣಸಿಗುವ ಮಿಂಚುಳ್ಳಿಯ ಇಂಗ್ಲಿಷ್ ಹೆಸರನ್ನೇ ಪಥಕ್ಕೆ ಇಡಲಾಗಿದೆ. ಬೆಂಗಳೂರಿನ ಓದುಗರಿಗೆ ಚಿರಪರಿಚಿತವಾದ ಅದೇ ಹೆಸರಿನ ಉದ್ಯಮಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಭೂಸ್ವರೂಪ

ಪಥದ ಆಕಾರ ಸ್ಥೂಲವಾಗಿ 8ರ ಅಂಕಿಯಂತಿದೆ. ಉತ್ತರದ ಸುತ್ತು ಕೆಳ ಅರ್ನ್ ಸರೋವರದ ಕಡೆಗೂ ದಕ್ಷಿಣದ ಸುತ್ತು ಲೀಟ್ರಿಮ್, ಕ್ಯಾವನ್‌ಗಳ ಕಡೆಗೂ ಚಾಚಿಕೊಂಡಿದೆ. ಅರ್ನ್ ನದಿಯು ಈ ಪ್ರದೇಶದಲ್ಲಿ ಹರಡಿಕೊಂಡು ಎರಡು ಸರೋವರಗಳಾಗಿದ್ದು, ದಕ್ಷಿಣದಲ್ಲಿರುವುದನ್ನು ಮೇಲಿನ ಅರ್ನ್ ಎಂದೂ ಉತ್ತರದಲ್ಲಿರುವುದನ್ನು ಕೆಳಗಿನ ಅರ್ನ್ ಎಂದೂ ಕರೆಯುತ್ತಾರೆ. ಭೂಪಟದಲ್ಲಿ ಉತ್ತರ ಮೇಲಿರುವುದರಿಂದ ಇದು ತಿರುವುಮುರುವಾಗಿ ತೋರುತ್ತದೆ. ಆದರೆ ಹೆಸರು ಬಂದಿರುವುದು ನೀರು ಹರಿಯುವ ದಿಕ್ಕನ್ನು ಅನುಸರಿಸಿ. ವರ್ಷದ ಅರ್ಧ ಕಾಲ ಸರೋವರಗಳು ಫರ್ಮಾನಾದೊಳಗಿರುತ್ತವೆ, ಉಳಿದರ್ಧ ಕಾಲ ಫರ್ಮಾನಾವೇ ಸರೋವರಗಳೊಳಗಿರುತ್ತದೆ ಎಂಬ ಮಾತು ಸ್ಥಳೀಯರಲ್ಲಿ ಬಳಕೆಯಲ್ಲಿದೆ.

ಸರೋವರಗಳ ಸುತ್ತಲಿನ ನೆಲ ಸಮತಟ್ಟಾಗಿದೆ ಎಂದು ಊಹಿಸಿಕೊಂಡು ಬರುವ ಸವಾರರಿಗೆ ಇಲ್ಲಿನ ರಸ್ತೆಗಳು ಅಚ್ಚರಿ ಉಂಟುಮಾಡುತ್ತವೆ. ಹಿಮಯುಗದಲ್ಲಿ ಚಲಿಸುತ್ತಿದ್ದ ಹಿಮರಾಶಿಯು ತನ್ನಡಿಯ ಮಣ್ಣುಕಲ್ಲುಗಳನ್ನು ಸಾವಿರಾರು ಉದ್ದನೆಯ ಗುಡ್ಡಗಳಾಗಿ ಒತ್ತಿಹಾಕಿ ಹೋಗಿದೆ. ಭೂವಿಜ್ಞಾನದಲ್ಲಿ ಇವುಗಳಿಗೆ ಡ್ರಮ್ಲಿನ್ ಎಂದು ಹೆಸರು. ಸಣ್ಣ ದಿಣ್ಣೆ ಎಂಬರ್ಥದ ಐರಿಶ್ ಪದದಿಂದ ಈ ಶಬ್ದ ಬಂದಿದೆ. ಅರ್ಧ ಮುಳುಗಿದ ಡ್ರಮ್ಲಿನ್‌ಗಳೇ ಮೇಲಿನ ಅರ್ನ್ ಸರೋವರದ ಬಹುಪಾಲು ದ್ವೀಪಗಳು. ಮುಳುಗದೆ ಉಳಿದವುಗಳ ಮೇಲೆ ರಸ್ತೆ ಹತ್ತಿ ಇಳಿಯುತ್ತದೆ. ಯಾವ ಏರೂ ದೊಡ್ಡದಲ್ಲ, ಆದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ನೈಋತ್ಯದಿಂದ ಬೀಸುವ ಗಾಳಿಯೂ ಮಳೆಯೂ ಸೇರಿದರೆ ದಿನಕ್ಕೆ 50 ಕಿಲೋಮೀಟರ್ ಕ್ರಮಿಸುವುದೂ ಶ್ರಮದ ಕೆಲಸವೇ. ದಕ್ಷಿಣದಲ್ಲಿ ಮಾತ್ರ ಸುಮಾರು 665 ಮೀಟರ್ ಎತ್ತರದ ಕುಲ್ಕಾ ಪರ್ವತ ನಿಜವಾದ ಬೆಟ್ಟವಾಗಿ ನಿಂತಿದೆ. ಇದರ ಇಳಿಜಾರಿನಲ್ಲಿರುವ ಒಂದು ಕೊಳವನ್ನು ಶ್ಯಾನನ್ ನದಿಯ ಉಗಮವೆಂದು ಗುರುತಿಸಲಾಗಿದೆ.

ರಸ್ತೆಗಳ ನಿಶ್ಶಬ್ದತೆಗೆ ಕಾರಣಗಳು

ಪ್ರವಾಸಿ ಕೈಪಿಡಿಗಳು ಈ ಪಥವನ್ನು ಮುಖ್ಯವಾಗಿ ಅದರ ಶಾಂತ ರಸ್ತೆಗಳಿಗಾಗಿ ಹೊಗಳುತ್ತವೆ. ಅನೇಕ ಕಡೆ ಗಂಟೆಗಟ್ಟಲೆ ಸಾಗಿದರೂ ಎದುರಾಗುವುದು ಒಂದೆರಡು ಟ್ರ್ಯಾಕ್ಟರ್‌ಗಳು ಮಾತ್ರ. ಈ ಶಾಂತಿಯನ್ನು ನಿಸರ್ಗದ ಕೊಡುಗೆಯೆಂದು ಭಾವಿಸುವುದು ಸಹಜ. ಆದರೆ ಅದರ ಬಹುಭಾಗ ಚರಿತ್ರೆಯ ಫಲ.

ಮೊದಲನೆಯ ಕಾರಣ ಜನರ ನಿರ್ಗಮನ. 1841ರ ಜನಗಣತಿಯಂತೆ ಲೀಟ್ರಿಮ್ ಕೌಂಟಿಯಲ್ಲಿ ಸುಮಾರು 1,55,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ ಸುಮಾರು 35,000. ಫರ್ಮಾನಾದಲ್ಲಿಯೂ 1841ರಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದ ಜನಸಂಖ್ಯೆ 2021ರಲ್ಲಿ 63,000ದಷ್ಟಿತ್ತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ತಗುಲಿದ ರೋಗದಿಂದ ಆರಂಭವಾದ ಮಹಾಕ್ಷಾಮವೂ ಅದರ ನಂತರ ತಲೆಮಾರುಗಳವರೆಗೆ ನಡೆದ ವಲಸೆಯೂ ಈ ಇಳಿಕೆಗೆ ಕಾರಣ. ಇಂದು ಸೈಕಲ್ ಸವಾರರು ಬಳಸುವ ಹಲವು ರಸ್ತೆಗಳು ಈಗಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನರ ಓಡಾಟಕ್ಕಾಗಿ ಇದ್ದಂಥವು.

ಎರಡನೆಯದು ಗಡಿ. 1921ರಲ್ಲಿ ಐರ್ಲೆಂಡ್ ವಿಭಜನೆಯಾದಾಗ ಹೊಸ ಗಡಿಯು ಹಳೆಯ ಕೌಂಟಿ ಗಡಿಗಳನ್ನೇ ಅನುಸರಿಸಿತು. ಅವು ಎಂದೂ ರಾಷ್ಟ್ರಗಳನ್ನು ಬೇರ್ಪಡಿಸಲೆಂದು ಎಳೆದ ಗೆರೆಗಳಾಗಿರಲಿಲ್ಲ. ಹೊಲಗಳು, ಹಳ್ಳಗಳು, ಕೆಲವೆಡೆ ಊರುಗಳು ಕೂಡ ಇಬ್ಭಾಗವಾದವು. ಪೆಟಿಗೊ ಗ್ರಾಮದ ನಡುವೆ ಹರಿಯುವ ಚಿಕ್ಕ ನದಿಯ ಒಂದು ದಡ ಡೊನೆಗಾಲ್‌ಗೂ ಇನ್ನೊಂದು ದಡ ಫರ್ಮಾನಾಕ್ಕೂ ಸೇರಿತು. ಮೊನಹನ್ ಕೌಂಟಿಯ ಕ್ಲೋನಿಸ್ ಪಟ್ಟಣದಿಂದ ಕ್ಯಾವನ್ ಕಡೆಗೆ ಹೋಗುವ ರಸ್ತೆಯು ಕೆಲವೇ ಕಿಲೋಮೀಟರ್‌ಗಳೊಳಗೆ ನಾಲ್ಕು ಸಲ ಗಡಿಯನ್ನು ದಾಟುತ್ತದೆ. ಸುಮಾರು 500 ಕಿಲೋಮೀಟರ್ ಉದ್ದದ ಈ ಗಡಿಯಲ್ಲಿ ರಸ್ತೆಗಳು ದಾಟುವ ಸ್ಥಳಗಳು 2018ರ ಜಂಟಿ ಎಣಿಕೆಯಂತೆ 208.

1957ರಲ್ಲಿ ಫರ್ಮಾನಾದ ರೈಲುಮಾರ್ಗಗಳನ್ನು ಮುಚ್ಚಲಾಯಿತು. ಆ ಬಳಿಕ ಕೌಂಟಿಗೆ ರಸ್ತೆಗಳೇ ಗತಿಯಾದವು. ಹದಿಮೂರು ವರ್ಷ ಕಳೆಯುವುದರೊಳಗೆ ರಸ್ತೆಗಳ ಸರದಿಯೂ ಬಂತು. ಉತ್ತರ ಐರ್ಲೆಂಡಿನ ಸಶಸ್ತ್ರ ಸಂಘರ್ಷ ತೀವ್ರಗೊಂಡಾಗ, ಗಡಿಯಾಚೆಯಿಂದ ನಡೆಯುವ ದಾಳಿಗಳನ್ನು ತಡೆಯುವ ಉದ್ದೇಶದಿಂದ ಬ್ರಿಟಿಷ್ ಸೇನೆಯು 1970ರ ದಶಕದ ಆರಂಭದಲ್ಲಿ ಚಿಕ್ಕ ಗಡಿ ರಸ್ತೆಗಳನ್ನು ಮುಚ್ಚತೊಡಗಿತು. ಸ್ಫೋಟಕಗಳಿಂದ ರಸ್ತೆಯಲ್ಲಿ ದೊಡ್ಡ ಗುಂಡಿಗಳನ್ನು ಮಾಡುವುದು, ಕಾಂಕ್ರೀಟ್ ದಿಮ್ಮಿಗಳನ್ನು ಅಡ್ಡ ಇಡುವುದು, ಉಕ್ಕಿನ ಕಂಬಗಳನ್ನು ನೆಡುವುದು ಸಾಮಾನ್ಯ ಕ್ರಮಗಳಾಗಿದ್ದವು. ಆಚೆಯ ಹೊಲಕ್ಕೆ, ಚರ್ಚಿಗೆ ಅಥವಾ ನೆಂಟರ ಮನೆಗೆ ನಾಲ್ಕು ಹೆಜ್ಜೆ ಹೋಗಬೇಕಿದ್ದವರು ಮೈಲುಗಟ್ಟಲೆ ಸುತ್ತಬೇಕಾಯಿತು. ಸ್ಥಳೀಯರು ಒಟ್ಟುಗೂಡಿ ಗುಂಡಿಗಳನ್ನು ಮುಚ್ಚಿ ರಸ್ತೆಯನ್ನು ಮತ್ತೆ ತೆರೆಯುವುದು, ಸೇನೆ ಅದನ್ನು ಮತ್ತೆ ಕಡಿಯುವುದು ಅನೇಕ ಕಡೆ ಪುನರಾವರ್ತನೆಯಾಯಿತು. ಗಡಿಯಂಚಿನ ಪಟ್ಟಣಗಳ ವ್ಯಾಪಾರ ಕುಸಿಯಿತು.

ಎನ್ನಿಸ್ಕಿಲನ್ ಮತ್ತು ಕ್ಯಾವನ್ ಕೌಂಟಿಯ ಬೆಲ್ಟರ್ಬೆಟ್ ನಡುವಿನ ಮುಖ್ಯರಸ್ತೆಯ ಅಘಲೇನ್ ಸೇತುವೆ 1972ರಲ್ಲಿ ಸ್ಫೋಟಕ್ಕೆ ಬಲಿಯಾಯಿತು. ಒಂದು ತಲೆಮಾರು ಆ ಸೇತುವೆಯನ್ನು ನೋಡದೆಯೇ ಬೆಳೆಯಿತು. 1994ರ ಕದನವಿರಾಮಗಳ ನಂತರ ಗಡಿ ರಸ್ತೆಗಳು ಒಂದೊಂದಾಗಿ ತೆರೆದುಕೊಂಡವು. 1998ರ ಏಪ್ರಿಲ್ 10ರಂದು ಬೆಲ್‌ಫಾಸ್ಟ್ ಒಪ್ಪಂದವಾಯಿತು. ಅಘಲೇನ್‌ನಲ್ಲಿ 1999ರಲ್ಲಿ ತೆರೆದ ಹೊಸ ಸೇತುವೆಗೆ ಶಾಂತಿ ಮಾತುಕತೆಗಳ ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ಜಾರ್ಜ್ ಮಿಚೆಲ್ ಅವರ ಹೆಸರನ್ನಿಡಲಾಯಿತು. ಕಿಂಗ್‌ಫಿಷರ್ ಪಥ ರೂಪುಗೊಂಡದ್ದು ಈ ವರ್ಷಗಳಲ್ಲೇ. ಗಡಿಯನ್ನು ಮತ್ತೆ ಮತ್ತೆ ದಾಟುವ ಒಂದು ವಿಹಾರಮಾರ್ಗವನ್ನು ಅದಕ್ಕೆ ಹತ್ತು ವರ್ಷ ಮೊದಲು ಫಲಕ ನೆಟ್ಟು ಗುರುತಿಸುವುದು ಕಾರ್ಯತಃ ಅಸಾಧ್ಯವಾಗಿತ್ತು.

ಇಂದು ಗಡಿ ದಾಟಿದ್ದು ಸವಾರರಿಗೆ ತಿಳಿಯುವುದೇ ಕಷ್ಟ. ಡಾಂಬರಿನ ಬಣ್ಣ ಬದಲಾಗುತ್ತದೆ, ರಸ್ತೆಯಂಚಿನ ಗೆರೆ ಬಿಳಿಯಿಂದ ಹಳದಿಯಾಗುತ್ತದೆ, ವೇಗಮಿತಿಯ ಫಲಕ ಮೈಲಿಯಿಂದ ಕಿಲೋಮೀಟರಿಗೆ ಹೊರಳುತ್ತದೆ. ಬ್ರಿಟನ್ 2020ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬಂದಾಗ ಇಲ್ಲಿ ಮತ್ತೆ ತಪಾಸಣಾ ಠಾಣೆಗಳು ಬರಬಹುದೆಂಬ ಆತಂಕ ಗಡಿಭಾಗದಲ್ಲಿ ವ್ಯಾಪಕವಾಗಿತ್ತು. ಸರಕುಗಳ ತಪಾಸಣೆಯನ್ನು ಬಂದರುಗಳಿಗೆ ವರ್ಗಾಯಿಸಿದ ವ್ಯವಸ್ಥೆಯಿಂದಾಗಿ ರಸ್ತೆಗಳು ತೆರೆದೇ ಉಳಿದಿವೆ.

ಐತಿಹಾಸಿಕ ಸ್ಥಳಗಳು

ಎರಡು ಸರೋವರಗಳ ನಡುವಿನ ದ್ವೀಪದ ಮೇಲಿರುವ ಎನ್ನಿಸ್ಕಿಲನ್ ಪಟ್ಟಣ ಹೆಚ್ಚಿನ ಸವಾರರ ಆರಂಭದ ತಾಣ. ಇಲ್ಲಿನ ಕೋಟೆಯನ್ನು 15ನೇ ಶತಮಾನದಲ್ಲಿ ಫರ್ಮಾನಾದ ಆಳರಸರಾಗಿದ್ದ ಮಗ್ವಾಯರ್ ವಂಶದವರು ಕಟ್ಟಿಸಿದರು. ಈಗ ಅದರಲ್ಲಿ ವಸ್ತುಸಂಗ್ರಹಾಲಯಗಳಿವೆ. ಪಟ್ಟಣದ ಪೋರ್ಟೋರಾ ಶಾಲೆಯಲ್ಲಿ ಆಸ್ಕರ್ ವೈಲ್ಡ್ ಮತ್ತು ಸ್ಯಾಮ್ಯುಯೆಲ್ ಬೆಕೆಟ್ ಇಬ್ಬರೂ ಬೇರೆ ಬೇರೆ ಕಾಲದಲ್ಲಿ ಓದಿದ್ದರು. 1987ರ ನವೆಂಬರ್ 8ರಂದು ಯುದ್ಧಸ್ಮಾರಕದ ಬಳಿ ನಡೆದ ಬಾಂಬ್ ಸ್ಫೋಟದಲ್ಲಿ 11 ಜನರು ಮೃತಪಟ್ಟರು.

ಪಟ್ಟಣದ ಉತ್ತರಕ್ಕೆ ಕೆಳ ಅರ್ನ್ ಸರೋವರದ ಡೆವನಿಶ್ ದ್ವೀಪವಿದೆ. ದೋಣಿಯಲ್ಲಿ ಮಾತ್ರ ತಲುಪಬಹುದಾದ ಇಲ್ಲಿ 6ನೇ ಶತಮಾನದಲ್ಲಿ ಸಂತ ಮೊಲೇಶ್ ಕ್ರೈಸ್ತಮಠವನ್ನು ಸ್ಥಾಪಿಸಿದನೆಂದು ಪ್ರತೀತಿ. ವೈಕಿಂಗರ ದಾಳಿಗೂ ಬೆಂಕಿಗೂ ತುತ್ತಾಗಿ ಮತ್ತೆ ಮತ್ತೆ ಎದ್ದು ನಿಂತ ಮಠದ ಅವಶೇಷಗಳಲ್ಲಿ 12ನೇ ಶತಮಾನದ, ಸುಮಾರು 25 ಮೀಟರ್ ಎತ್ತರದ ದುಂಡು ಗೋಪುರ ಇಂದಿಗೂ ಬಹುಮಟ್ಟಿಗೆ ಸುಸ್ಥಿತಿಯಲ್ಲಿದೆ. ಸರೋವರದ ಉತ್ತರದಲ್ಲಿರುವ ಬೋವಾ ದ್ವೀಪಕ್ಕೆ ಸೇತುವೆಗಳಿರುವುದರಿಂದ ಸೈಕಲ್‌ನಲ್ಲೇ ಹೋಗಬಹುದು. ಅಲ್ಲಿನ ಕಾಲ್ಡ್ರಾ ಸ್ಮಶಾನದಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮುಖಗಳ ಪುರಾತನ ಶಿಲಾಮೂರ್ತಿಯಿದೆ. ಅದರ ಕಾಲ ಮತ್ತು ಉದ್ದೇಶ ಇಂದಿಗೂ ವಿದ್ವಾಂಸರ ಚರ್ಚೆಯ ವಿಷಯ. ಪೋಷಾಕು ತೊಟ್ಟ ಕಾವಲುಗಾರರಾಗಲಿ ಟಿಕೆಟ್ ಕಿಟಕಿಯಾಗಲಿ ಇಲ್ಲದೆ, ಸಾಮಾನ್ಯ ಗೋರಿಗಳ ನಡುವೆ ಈ ಮೂರ್ತಿ ನಿಂತಿದೆ.

17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಆಡಳಿತವು ಅಲ್‌ಸ್ಟರ್ ಪ್ರಾಂತದ ಐರಿಶ್ ಒಡೆಯರ ಭೂಮಿಯನ್ನು ಕಿತ್ತುಕೊಂಡು ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡಿನಿಂದ ಬಂದವರಿಗೆ ಹಂಚಿತು. ಮೊನೇ ಮತ್ತು ಟುಲ್ಲಿ ಕೋಟೆಗಳು ಆ ಕಾಲದವು. ಮೊನೇ ಕೋಟೆಯ ದುಂಡು ಗೋಪುರಗಳು ತುದಿಯಲ್ಲಿ ಚೌಕಾಕಾರ ತಾಳುತ್ತವೆ. ಈ ಶೈಲಿ ಸ್ಕಾಟ್‌ಲೆಂಡಿನದು. ಟುಲ್ಲಿ ಕೋಟೆ 1641ರ ದಂಗೆಯಲ್ಲಿ ಕ್ರಿಸ್ಮಸ್ ದಿನದಂದು ಸುಟ್ಟುಹೋಯಿತು. ಒಳಗೆ ಆಶ್ರಯ ಪಡೆದಿದ್ದವರಲ್ಲಿ ಬಹುಪಾಲು ಜನ ಹತರಾದರು. ಆ ಬಳಿಕ ಅದರಲ್ಲಿ ಯಾರೂ ವಾಸಿಸಲಿಲ್ಲ. ಕಾಸಲ್ ಕೂಲ್ ಮತ್ತು ಫ್ಲಾರೆನ್ಸ್ ಕೋರ್ಟ್ 18ನೇ ಶತಮಾನದ ಶ್ರೀಮಂತ ಜಮೀನುದಾರರ ಭವನಗಳು.

ಕೆಳ ಅರ್ನ್‌ನ ಪೂರ್ವ ದಡದ ಕಾಸಲ್ ಆರ್ಚ್‌ಡೇಲ್ ಈಗ ಸಾರ್ವಜನಿಕ ಉದ್ಯಾನ. ಎರಡನೆಯ ಮಹಾಯುದ್ಧದಲ್ಲಿ ಇದು ನೀರಿನ ಮೇಲಿಳಿಯುವ ವಿಮಾನಗಳ ನೆಲೆಯಾಗಿತ್ತು. ತಟಸ್ಥವಾಗಿದ್ದ ಐರ್ಲೆಂಡ್, ಡೊನೆಗಾಲ್‌ನ ಒಂದು ಕಿರಿದಾದ ಪಟ್ಟಿಯ ಮೇಲೆ ಈ ವಿಮಾನಗಳು ಅಟ್ಲಾಂಟಿಕ್‌ಗೆ ಹಾರಿಹೋಗಲು ಸದ್ದಿಲ್ಲದೆ ಸಮ್ಮತಿಸಿತು. 1941ರ ಮೇ 26ರಂದು ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯನ್ನು ಪತ್ತೆಹಚ್ಚಿದ ಕ್ಯಾಟಲೀನಾ ವಿಮಾನ ಹೊರಟದ್ದು ಅರ್ನ್ ಸರೋವರದಿಂದ.

ದಕ್ಷಿಣದ ಸುತ್ತಿನಲ್ಲಿ ಶ್ಯಾನನ್ ಮತ್ತು ಅರ್ನ್ ನದಿಗಳನ್ನು ಜೋಡಿಸುವ ಸುಮಾರು 63 ಕಿಲೋಮೀಟರ್ ಉದ್ದದ ಜಲಮಾರ್ಗವಿದೆ. 19ನೇ ಶತಮಾನದ ಮಧ್ಯದಲ್ಲಿ ನಿರ್ಮಿಸಿದ ಈ ಕಾಲುವೆಯನ್ನು ದೋಣಿಗಳು ಹೆಚ್ಚಾಗಿ ಬಳಸಲೇ ಇಲ್ಲ. ಶತಮಾನಕ್ಕೂ ಮಿಕ್ಕಿ ಪಾಳುಬಿದ್ದಿದ್ದ ಅದನ್ನು ದುರಸ್ತಿಗೊಳಿಸಿ 1994ರಲ್ಲಿ ಪುನಃ ತೆರೆಯಲಾಯಿತು. ಕುಲ್ಕಾ ಪರ್ವತದ ಸುತ್ತಲಿನ ಮಾರ್ಬಲ್ ಆರ್ಚ್ ಗುಹೆಗಳ ಭೂ ಉದ್ಯಾನವು 2008ರಲ್ಲಿ ಕ್ಯಾವನ್ ಕೌಂಟಿಗೂ ವಿಸ್ತರಿಸಿ, ಎರಡು ದೇಶಗಳಲ್ಲಿ ಹರಡಿದ ಜಗತ್ತಿನ ಮೊದಲ ಭೂ ಉದ್ಯಾನವೆನಿಸಿತು.

ಪ್ರಯಾಣದ ವಿವರಗಳು

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕಾಲ ಅನುಕೂಲಕರ. ಜೂನ್ ಕೊನೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಗಡಿಯ ಎರಡೂ ಕಡೆ ಭಾರತದಂತೆಯೇ ಎಡಬದಿಯ ಸಂಚಾರ ಪದ್ಧತಿಯಿದೆ. ಉತ್ತರದಲ್ಲಿ ಪೌಂಡ್, ದಕ್ಷಿಣದಲ್ಲಿ ಯೂರೊ ಚಲಾವಣೆಯಲ್ಲಿದೆ. ಬೆಲ್ಕೂ ಮತ್ತು ಬ್ಲ್ಯಾಕ್‌ಲಯನ್‌ಗಳಂತಹ ಜೋಡಿ ಊರುಗಳಲ್ಲಿ ಒಂದು ಸೇತುವೆ ದಾಟಿದರೆ ನಾಣ್ಯವೇ ಬದಲಾಗುತ್ತದೆ.

ಭಾರತೀಯ ಪಾಸ್‌ಪೋರ್ಟ್ ಹೊಂದಿರುವವರು ಗಮನಿಸಬೇಕಾದ ಅಂಶವೊಂದಿದೆ. ರಸ್ತೆಯಲ್ಲಿ ತಪಾಸಣೆ ಇಲ್ಲದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಇವು ಎರಡು ದೇಶಗಳು, ಎರಡಕ್ಕೂ ಪ್ರವೇಶಾನುಮತಿ ಬೇಕು. 2015ರಿಂದ ಭಾರತೀಯರಿಗೆ ಅನ್ವಯವಾಗುತ್ತಿರುವ ಬ್ರಿಟಿಷ್-ಐರಿಶ್ ವೀಸಾ ಯೋಜನೆಯಡಿ ಸೂಕ್ತ ಮುದ್ರೆಯಿರುವ ಒಂದೇ ವೀಸಾದಲ್ಲಿ ಎರಡೂ ಕಡೆ ಸಂಚರಿಸಬಹುದು. ಆ ಮುದ್ರೆಯಿಲ್ಲದೆ ಪಥದ ಫಲಕಗಳನ್ನಷ್ಟೇ ಅನುಸರಿಸುತ್ತ ಹೋದವರು, ತಮಗೇ ಅರಿವಿಲ್ಲದಂತೆ ಒಂದೇ ದಿನದಲ್ಲಿ ಹಲವು ಬಾರಿ ಅನುಮತಿಯಿಲ್ಲದೆ ಗಡಿ ದಾಟಿದವರಾಗುತ್ತಾರೆ.